ಹಾಲಿನ ಸಾಲಿನಲ್ಲಿ ತಗೊಂಡ ರುಜು

ನಾಚಿಕೆಗೆಟ್ಟವನು ಅಂತ ಇವತ್ತಿಗೂ ನನ್ನನ್ನು ಯಾರೂ ಬೈದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟ್ರಾಕ್ಟರ್ ಎಂಜಿನ್ ಮಾಡುವ ಕಂಪನಿಯಲ್ಲಿ, ಸರ್ಕಾರದವರ ಜೊತೆ ಮಾತುಕತೆ ನಡೆಸುವ ಕೆಲಸ ನಂದು. ಡೀಸೆಲ್ ಹೊಗೆ ಕಮ್ಮಿ ಮಾಡುವ ಹೊಸ ನಿಯಮ ಬರಲಿ, ಹವಾಮಾನ ಕೆಡದಿರಲಿ, ನಮ್ಮ ಬೆಂಬಲವಿದೆ ಅಂತ ಕಂಪನಿಯ ವರದಿಗೆ ಚೆಂದವಾಗಿ ಬರೆದವನು ನಾನೇ. ಅದೇ ವಾರ, ನಾವು ಸದಸ್ಯರಾಗಿರೋ ಉದ್ಯಮಿಗಳ ಸಂಘದ ಪರವಾಗಿ, ಆ ನಿಯಮ ಬೇಡವೇ ಬೇಡ ಅಂತ ಸರ್ಕಾರಕ್ಕೆ 'ರೈತರ ಮನವಿ' ಬರೆದವನೂ ನಾನೇ. ಥೂ!

ಮನವಿಗೆ ರೈತರ ರುಜು ಬೇಕಲ್ಲ. ಅರಸೀಕೆರೆಯಲ್ಲಿ ಇಳಿದು ಗಂಡಸಿ ಪಕ್ಕದ ನಮ್ಮೂರಿಗೆ ಹೋದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರು ಪುಸ್ತಕದಲ್ಲಿ ರುಜು ಮಾಡಿ ಹೋಗೋದು ನಮ್ಮಲ್ಲಿ ವಾಡಿಕೆ. ಯಾರೂ ಓದಲ್ಲ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಪೆನ್ನು, ಹಿಂದಿನವರು ನೂಕ್ತಾ ಇರ್ತಾರೆ. ಆ ಪುಸ್ತಕದ ಪಕ್ಕದಲ್ಲೇ ನನ್ನ ಹಾಳೆ ಇಟ್ಟು, "ಇಲ್ಲೊಂದ್ ಹಾಕ್ಬಿಡಿ" ಅಂದೆ. "ನಮ್ ಹೈದ ಕಣ್ಲಾ, ಹಾಕು" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಹಾಕಿದರು. ತಾಯಿಯಿಲ್ಲದ ನನ್ನನ್ನು ಸಾಕಿದ ಚಿಕ್ಕಮ್ಮನೂ ಹೆಬ್ಬೆಟ್ಟು ಒತ್ತಿದಳು.

ಕಂಪನಿಯ ಬೋರ್ಡಿನಲ್ಲಿ ಒಬ್ಬ ನಿರ್ದೇಶಕಿ ಇದ್ದರು, ಬಲು ಖಡಕ್ಕು. "ವರದಿಯಲ್ಲಿ ಒಂದು, ಸಂಘದಲ್ಲಿ ಇನ್ನೊಂದು ಹೇಳ್ತಿದ್ದೀವಲ್ರೀ?" ಅಂತ ಮೀಟಿಂಗಿನಲ್ಲಿ ನನ್ನನ್ನೇ ಹಿಡಿದರು. ರೈತರೇ ಕೇಳಿ ಬರೆಸಿದ್ದು ಮೇಡಂ, ಅಂದುಬಿಟ್ಟೆ. "ಹಾಗಾದ್ರೆ ಅವರನ್ನೇ ಕೇಳ್ತೀನಿ. ಸುಳ್ಳಾದ್ರೆ ಮನವಿ ವಾಪಸ್ಸು, ನೀವೂ ಮನೆಗೆ."

ಹೇಳಿದಂತೆ ನನ್ನನ್ನೂ ಕರಕೊಂಡು ನಮ್ಮೂರಿಗೆ ಬಂದೇ ಬಂದರು. ನಮ್ಮ ಮನೆ ಜಗಲಿ ಮೇಲೆ ಕೂತು, ಹಾಳೆ ತೋರಿಸಿ ಚಿಕ್ಕಮ್ಮನನ್ನು ಕೇಳಿದರು, "ಅಮ್ಮಾ, ಇದನ್ನ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದ್ರಾ?"

ಚಿಕ್ಕಮ್ಮ ನನ್ನ ಮುಖ ನೋಡಿದಳು. ಬೆವರು ಕಂಡಿರಬೇಕು.

"ಊಂ ಕಣವ್ವ, ಪೂರಾ ಓದಿಸ್ಕೊಂಡೆ. ನಾವೇ ಹೇಳಿ ಬರ್ಸಿದ್ದು."

ಹಾಲಿಗೆ ಒಂದು ತೊಟ್ಟು ನೀರೂ ಬೆರೆಸಿದವಳಲ್ಲ ಅವಳು. ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳಿದಳು. ಇಲ್ಲ ಮೇಡಂ, ತಪ್ಪು ನಂದು ಅನ್ನೋಕೆ ನನಗೂ ಬಾಯಿತ್ತು. ಅನ್ನಲಿಲ್ಲ. ನಿರ್ದೇಶಕಿ ಬರೆದುಕೊಂಡು, ಕೈಮುಗಿದು, ಕಾರು ಹತ್ತಿದರು. ಮನವಿ ಉಳಿಯಿತು, ನಾನೂ ಉಳಿದುಕೊಂಡೆ.

ಕಾರು ಮರೆಯಾಯಿತು. ಆಮೇಲೆ ಚಿಕ್ಕಮ್ಮ ಮೆಲ್ಲಗೆ ಕೇಳಿದಳು, "ಅದ್ರಲ್ಲಿ ಏನಂತ ಬರ್ದೈತಪ್ಪ?"

"ಒಳ್ಳೇದೇ ಬರ್ದೈತೆ ಬಿಡು ಚಿಕ್ಕಮ್ಮ" ಅಂದೆ.