ಸೂರಿನ ಕೆಳಗೆ ಹೇಳದ ಉತ್ತರ

ದಾವಣಗೆರೆಯಲ್ಲಿ ಓದಿ ಬೆಳೆದ ಮಾಲತಿ ಕೊಂಡ್ಲಹಳ್ಳಿಯ ಕುರಿಗಾರರ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷವಾಗಿದ್ದರೂ ಎದೆಯೊಳಗಿನ ಪುಕುಪುಕು ನಿಂತಿರಲಿಲ್ಲ. ಮಗಳು ತೇಜಶ್ರೀ ಇಲ್ಲೇ ಕುರಿಗಳ ಹಿಂದೆ ಉಳಿದುಬಿಟ್ಟರೆ ಎಂಬುದೇ ಅವಳ ದಿಗಿಲು. ಗಂಡ ಗೋವರ್ಧನ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಸಂಜೆ ಬಸ್ಸಿಗೆ ಬರುವಾಗ ಪೇಪರು ತರುತ್ತಿದ್ದ. ಮಗಳಿಗೆ ತಲೆ ಬಾಚುತ್ತ, ಊಟಕ್ಕಿಡುತ್ತ ಮಾಲತಿ ಅದರಲ್ಲಿದ್ದುದನ್ನೆಲ್ಲ ಕೇಳುವಳು. ಜಾರ್ಖಂಡಿನ ರಾಜಧಾನಿ ಯಾವುದು, ಅಮೆರಿಕದ ಹೊಸ ಅಧ್ಯಕ್ಷ ಯಾರು. ನಾಲ್ಕನೇ ಕ್ಲಾಸಿನ ಹುಡುಗಿ ತುತ್ತು ನುಂಗುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದಳು. ಚಳ್ಳಕೆರೆಯ ಸಂಘವೊಂದು ಫೆಬ್ರವರಿಯಲ್ಲಿ ರಸಪ್ರಶ್ನೆ ಇಟ್ಟಿತ್ತು. ಗೆದ್ದವರಿಗೆ ಅಲ್ಲಿನ ಇಂಗ್ಲಿಷ್ ಶಾಲೆಯಲ್ಲಿ ಸೀಟು.

ಅದಕ್ಕೆ ಮುಂಚೆ, ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನಲ್ಲಿ ಭೂಮಿ ನಡುಗಿತು. ಈ ಪ್ರಶ್ನೆ ಬಂದೇ ಬರುತ್ತದೆಂದು ಮಾಲತಿ ದಿನವೂ ಪೇಪರಿನಲ್ಲಿ ಕುಸಿದ ಮನೆಗಳ ಫೋಟೋ ತೋರಿಸಿ, ಊರಿನ ಹೆಸರು, ಸತ್ತವರ ಲೆಕ್ಕ ಬಾಯಿಪಾಠ ಮಾಡಿಸಿದಳು.

"ಅಮ್ಮ, ನಮ್ ಮಾಳಿಗೇದೂ ಕಲ್ಲೇ ಅಲ್ವಾ?" ಎಂದಳು ಮಗಳು, ಮೇಲಿನ ಚಪ್ಪಡಿ ನೋಡುತ್ತ.

ಗಮನವಿಟ್ಟು ಕೇಳು ಎಂದು ಗದರಿ ಮಾಲತಿ ಮುಂದಿನ ಪ್ರಶ್ನೆಗೆ ಹೋದಳು. ಅಂದಿನಿಂದ ಹುಡುಗಿ ಮನೆಯೊಳಗೆ ಮಲಗಲಿಲ್ಲ. ಕಂಬಳಿ ಎಳೆದುಕೊಂಡು ಅಂಗಳದ ಕುರಿರೊಪ್ಪದ ಪಕ್ಕ, ಅಜ್ಜಿ ಮೂಗಮ್ಮನ ಮಗ್ಗುಲಿಗೆ ಹೋದಳು. ಚಳಿಗೆ ಕೆಮ್ಮು ಹತ್ತಿತು.

ಮೂಗಮ್ಮ ರೊಪ್ಪದ ಹತ್ತಿರ ತೋಳದ ಹೆಸರೆತ್ತಿದವಳಲ್ಲ, "ಅದು" ಎನ್ನುವಳು. ಹಾವಿಗೆ ಹುಳ ಎನ್ನುವಳು. ಅವಳಿಗೆ ಸೊಸೆಯ ಪಾಠ ಸರಿಬರಲಿಲ್ಲ.

"ಸೂರಿನ ಕೆಳಗೆ ಕುಂತು ಅದರ ಹೆಸರು ಹೇಳಿಸ್ತೀಯಲ್ಲಮ್ಮ, ಕರೆದಂಗಾಗಲ್ವಾ?"

"ಸ್ಪರ್ಧೇಲಿ ಬರುತ್ತೆ ಅತ್ತೆ."

"ನೀನಿಂಗೆ ಕರೀತಿದ್ರೆ ಮನೆಗೂ ಬರ್ತೈತೆ ಬಿಡು."

ಚಳ್ಳಕೆರೆಯ ಸಭಾಂಗಣದಲ್ಲಿ ತೇಜಶ್ರೀ ಕೊನೆಯ ಇಬ್ಬರಲ್ಲಿ ಉಳಿದಳು. ಕಳೆದ ತಿಂಗಳು ಗುಜರಾತಿನಲ್ಲಾದ ದೊಡ್ಡ ಅನಾಹುತ ಯಾವುದೆಂದು ಮೇಷ್ಟರು ಕೇಳಿದರು. ಮಾಲತಿಗೆ ಗೆದ್ದಷ್ಟೇ ಸಮಾಧಾನವಾಯಿತು. ಮಗಳು ಮೇಲೆ ಛಾವಣಿ ನೋಡಿದಳು, ಆಮೇಲೆ ಅಮ್ಮನನ್ನು. ತುಟಿ ಬಿಗಿಹಿಡಿದು ನಿಂತೇಬಿಟ್ಟಳು. ಇನ್ನೊಬ್ಬ ಹುಡುಗಿ ಉತ್ತರ ಹೇಳಿದಳು.

ಬಸ್ಸಿನಲ್ಲಿ ಗೋವರ್ಧನ ಹೋಗಲಿ ಬಿಡು ಅಂದರೂ ಕೇಳದೆ ಮಾಲತಿ ಗೊಣಗುತ್ತಲೇ ಬಂದಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಬಾಯಿಗೇನಾಗಿತ್ತು.

"ಅಲ್ಲಿ ಸೂರಿನ ಕೆಳಗೆ ಅಷ್ಟೊಂದು ಮಕ್ಕಳಿದ್ರು," ಎಂದಳು ಮಗಳು ಕಿಟಕಿಯಿಂದ ಮುಖ ತಿರುಗಿಸದೆ. "ನೀನೂ ಒಳಗೇ ಕುಂತಿದ್ದೆ."



ಮನೆಗೆ ಬಂದ ಮಾಲತಿ ಒಳಗೆ ಹಾಸಲಿಲ್ಲ. ಚಾಪೆಯನ್ನು ಅಂಗಳಕ್ಕೆ ತಂದು ಮಗಳ ಪಕ್ಕ ಬಿಡಿಸಿದಳು. ಅತ್ತೆ ಸ್ವಲ್ಪ ಸರಿದು ಜಾಗ ಬಿಟ್ಟಳು. ಗೋವರ್ಧನ ತಂದಿದ್ದ ಪೇಪರಿನ ಮೊದಲ ಪುಟದಲ್ಲೇ ಇತ್ತು: ಗುಜರಾತಿನಲ್ಲಿ ಮತ್ತೆ ಕಂಪನ. ಮಾಲತಿ ಅದನ್ನು ಮಡಚಿ ಚಾಪೆಯಡಿ ಸೇರಿಸಿದಳು.

"ಅಮ್ಮ, ಇವತ್ತು ಪೇಪರ್ನಾಗೆ ಏನೈತೆ?" ಕೆಮ್ಮುತ್ತಲೇ ಕೇಳಿದಳು ಮಗಳು.

"ಅಂಥದ್ದೇನೂ ಇಲ್ಲ."

"ಹಂಗಾರೆ ಒಳಗೆ ಮಲಗಾಣ್ವಾ?"

ತೆರೆದ ಬಾಗಿಲಿನಾಚೆ ದೀಪದ ಬೆಳಕಿಗೆ ಚಪ್ಪಡಿಗಳ ಸಂದು ಕಾಣುತ್ತಿತ್ತು. ಇಷ್ಟು ವರ್ಷ ಅದರ ಕೆಳಗೇ ಮಲಗಿದ್ದ ಮಾಲತಿ ಈಗ ಒಂದೊಂದನ್ನೇ ನೋಡಿದಳು.

"ಇವತ್ತೊಂದಿನ ಇಲ್ಲೇ ಇರೋಣ," ಎಂದು ಕಂಬಳಿಯನ್ನು ಮಗಳ ಕಿವಿಯವರೆಗೂ ಎಳೆದಳು.