ಡ್ರಮ್ಸ್ ಇಲ್ಲದ ಆಲ್ಬಮ್ಮು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದವನ ಮೇಲೆ, ಮದುವೆ ಊಟದಲ್ಲಿ ನನ್ನದಕ್ಕಿಂತ ದೊಡ್ಡ ಹೋಳಿಗೆ ಬಿದ್ದ ಪಕ್ಕದ ಎಲೆಯ ಮೇಲೆ, ನಲವತ್ತಾದರೂ ಒಂದು ಕೂದಲೂ ಕಳೆದುಕೊಳ್ಳದ ನನ್ನ ಷಡ್ಡಕನ ಮೇಲೆ, ಹೀಗೆ ದಿನಕ್ಕೊಂದರಂತೆ ಕರುಬಿಕೊಂಡೇ ನಾನು ಈ ವಯಸ್ಸು ಮುಟ್ಟಿದ್ದೇನೆ. ಆದರೆ ಒಂದು ಸಿ.ಡಿ.ಯ ಮೇಲೆ, ಅದೂ ನನ್ನ ಪ್ರಾಣಸ್ನೇಹಿತನೇ ಮಾಡಿದ ಸಿ.ಡಿ.ಯ ಮೇಲೆ, ಎರಡು ತಿಂಗಳು ಊಟ ರುಚಿಸದಷ್ಟು ಹೊಟ್ಟೆ ಉರಿಸಿಕೊಂಡಿದ್ದೆ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲ ಅದು. ನಮ್ಮದೊಂದು ರಾಕ್ ಬ್ಯಾಂಡ್ ಇತ್ತು. ಸತೀಶ ಗಿಟಾರು ಮತ್ತು ಹಾಡು, ಅವನ ಚಿಕ್ಕಪ್ಪನ ಮಗ ಮೋಹನ ಬೇಸ್ ಗಿಟಾರು, ನಾನು ಡ್ರಮ್ಸು. ವಿಜಯನಗರದಲ್ಲಿ ಸತೀಶನ ಮನೆಯ ಮಹಡಿಯ ರೂಮೇ ನಮ್ಮ ಅಭ್ಯಾಸದ ಜಾಗ. ಅದರ ನೆತ್ತಿಯ ಮೇಲೆ ಹೈ ಟೆನ್ಷನ್ ತಂತಿ ಹಾದುಹೋಗಿದ್ದರಿಂದ ಬ್ಯಾಂಡಿನ ಹೆಸರೂ ಹೈ ಟೆನ್ಷನ್ ಎಂದೇ ಆಯಿತು. ಸದ್ದು ಹೊರಗೆ ಹೋಗದಿರಲೆಂದು ಬೇರೆ ಬ್ಯಾಂಡಿನವರೆಲ್ಲ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುತ್ತಿದ್ದರು. ಸತೀಶನ ತಾಯಿ ಮೊಟ್ಟೆಯ ಟ್ರೇಯನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ಹಾಗಾಗಿ ನಾವು ಸೇಬಿನ ಟ್ರೇ ಅಂಟಿಸಿದೆವು. ಅದರಿಂದ ಸದ್ದೇನೂ ಕಡಿಮೆಯಾಗಲಿಲ್ಲ, ರೂಮಿಗೆ ಮಾತ್ರ ವರ್ಷಗಟ್ಟಲೆ ಹಣ್ಣಿನಂಗಡಿಯ ವಾಸನೆ ಇತ್ತು.

ವಾರದಲ್ಲಿ ಆರು ದಿನ ನಾನು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರು. ನೂರಾರು ಹೊಲಿಗೆ ಯಂತ್ರಗಳ ನಡುವೆ ನಿಂತು ಕಾಲರು ಸೊಟ್ಟಗಿದೆ, ಗುಂಡಿ ಸಡಿಲವಿದೆ ಎಂದು ಬಯ್ಯುವುದು ನನ್ನ ಕೆಲಸ. ಏಳನೆಯ ದಿನ ಆ ಮಹಡಿಯಲ್ಲಿ ನಾನು ಡ್ರಮ್ಮರು. ಬಸವೇಶ್ವರನಗರದ ನನ್ನ ಬಾಡಿಗೆ ಮನೆಯಲ್ಲಿ ಜಾಗವಿಲ್ಲದೆ ಡ್ರಮ್ಸ್ ಕೂಡ ಅಲ್ಲೇ ಇರುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ಅದೊಂದು ದಿನ ಇಲ್ಲದಿದ್ದರೆ ನಾನು ಬರೀ ಕಾಲರು ಗುಂಡಿಗಳ ಮನುಷ್ಯ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಅಭ್ಯಾಸ ಮುಗಿಸಿ ಕಾಫಿ ಕುಡಿಯುವಾಗ ಸತೀಶ ನನ್ನ ಮುಖ ನೋಡದೆ ಹೇಳಿದ. "ಮಗಾ, ಒಂದು ಸೈಡ್ ಪ್ರಾಜೆಕ್ಟ್ ಮಾಡ್ತಾ ಇದೀನಿ. ಪ್ರಶಾಂತ್ ಅಂತ ಒಬ್ರು ಪ್ರೊಡ್ಯೂಸರ್ ಸಿಕ್ಕಿದಾರೆ, ಆಂಬಿಯೆಂಟ್ ಮ್ಯೂಸಿಕ್ ಮಾಡ್ತಾರೆ."

"ಹಂಗಂದ್ರೆ?"

"ತಾಳ ಇರಲ್ಲ, ಹಾಡಿರಲ್ಲ. ಒಂದೇ ನೋಟು ಹಂಗೇ ಮೆಲ್ಲಗೆ ಹಬ್ಬುತ್ತೆ. ಕೇಳ್ತಾ ಕೇಳ್ತಾ ಬೇರೆ ಕೆಲಸನೂ ಮಾಡ್ಕೋಬೋದು."

ನನ್ನ ಹೆಂಡತಿ ನನ್ನ ಮಾತು ಕೇಳುವುದು ಹೀಗೇ ಎಂದು ಹೇಳಬೇಕೆನಿಸಿತು. "ಮೋಹನ?" ಎಂದೆ. "ಅವನಿದಾನೆ." "ನಾನು?" ಸತೀಶ ಖಾಲಿ ಲೋಟವನ್ನು ಮತ್ತೊಮ್ಮೆ ಬಾಯಿಗಿಟ್ಟುಕೊಂಡ. "ಡ್ರಮ್ಸ್ ಬರಲ್ಲ ಕಣೋ ಇದ್ರಲ್ಲಿ. ನೀನು ಸ್ವಲ್ಪ ದಿನ ಆರಾಮಾಗಿರು. ಭಾನುವಾರದ ಪ್ರಾಕ್ಟೀಸ್ ಇದ್ದೇ ಇರುತ್ತಲ್ಲ."

ಮೂರು ಜನರ ಬ್ಯಾಂಡಿನಲ್ಲಿ ಇಬ್ಬರು ಸೇರಿ ಮಾಡುವುದು ಸೈಡ್ ಪ್ರಾಜೆಕ್ಟು ಹೇಗಾಗುತ್ತದೆ ಸ್ವಾಮಿ? ಸೈಡಿಗೆ ನಿಂತವನು ನಾನೊಬ್ಬನೇ ಅಲ್ಲವೇ?

ನಮ್ಮ ಅಲಂಕಾರಶಾಸ್ತ್ರದವರು ಅಸೂಯೆಗೆ ನವರಸಗಳಲ್ಲಿ ಜಾಗ ಕೊಡಲಿಲ್ಲ. ಶೃಂಗಾರಕ್ಕೆ ಕೊಟ್ಟರು, ಬೀಭತ್ಸಕ್ಕೂ ಕೊಟ್ಟರು, ಅಸೂಯೆಯನ್ನು ಮಾತ್ರ ಸಂಚಾರಿ ಭಾವಗಳ ಪಟ್ಟಿಗೆ ತಳ್ಳಿದರು. ಎಂದರೆ ಬಂದು ಹೋಗುವಂಥದ್ದು, ನಿಲ್ಲುವಂಥದ್ದಲ್ಲ. ಆ ಮಹನೀಯರು ಯಾರೂ ಬ್ಯಾಂಡಿನಲ್ಲಿದ್ದವರಲ್ಲ ಎಂದು ಕಾಣುತ್ತದೆ. ನನ್ನೊಳಗೆ ಬಂದ ಅಸೂಯೆ ಸಾಮಾನು ಸರಂಜಾಮಿನ ಸಮೇತ ಬಂದು, ಹಾಲುಕ್ಕಿಸಿ, ಸಂಸಾರ ಹೂಡಿತು.

ಮುಂದಿನ ಭಾನುವಾರ ರೂಮು ನೋಡಲು ಬಂದ ಪ್ರಶಾಂತನನ್ನು ನೋಡಿದೆ. ಕೆಟ್ಟವನಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ತೆಳ್ಳಗೆ, ಮೆಲುದನಿಯವನು. ರೂಮಿಗೆ ಬಂದವನೇ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಐದು ನಿಮಿಷ ಸುಮ್ಮನೆ ನಿಂತ. "ಏನ್ ಸಾರ್?" ಎಂದೆ. "ರೂಮು ಏನು ಹೇಳ್ತಾ ಇದೆ ಅಂತ ಕೇಳಿಸ್ಕೊಳ್ತಾ ಇದೀನಿ" ಎಂದ. ಹನ್ನೊಂದು ವರ್ಷ ಅದೇ ರೂಮಿನಲ್ಲಿ ಕೂತ ನನಗೆ ಅದು ಒಂದು ಮಾತೂ ಹೇಳಿರಲಿಲ್ಲ. ಇನ್ನು ಸತೀಶ! "ನಿಧಾನ ಕಣೋ, ಓಡಬೇಡ" ಎಂದು ನಾನು ಗಂಟಲು ಹರಿದುಕೊಂಡಾಗ ಕಿವಿಗೇ ಹಾಕಿಕೊಳ್ಳದವನು, ಪ್ರಶಾಂತ ಬೆರಳೆತ್ತಿದರೆ ಸಾಕು, ಒಂದು ನೋಟು ನುಡಿಸಿ ಕೈ ಕಟ್ಟಿ ಕೂರುತ್ತಿದ್ದ. ನನಗೆ ಉರಿದದ್ದು ಅದಕ್ಕೇ. ಡ್ರಮ್ಸ್ ಬೇಡವೆಂದದ್ದು ದೊಡ್ಡದಲ್ಲ. ಅವರು ರೆಕಾರ್ಡಿಂಗ್ ಇಟ್ಟುಕೊಂಡದ್ದೂ ಅದೇ ರೂಮಿನಲ್ಲಿ, ನಾನು ಗಾರ್ಮೆಂಟ್ಸಿನಲ್ಲಿರುವ ವಾರದ ದಿನಗಳಲ್ಲಿ. ಇನ್ನು ಸತೀಶ ನನ್ನ ಕಡೆ ತಿರುಗಿ ಬರುವುದಿಲ್ಲ ಎಂದು ನನಗೆ ಗಾಬರಿಯಾಗತೊಡಗಿತು.

ಈಗ ನನ್ನ ಪಾಪ ಹೇಳಿಬಿಡುತ್ತೇನೆ. ಡ್ರಮ್ಸಿನಲ್ಲಿ ಸ್ನೇರ್ ಎಂಬ ಚಿಕ್ಕ ಡ್ರಮ್ಮೊಂದು ಇರುತ್ತದೆ. ಅದರ ತಳಕ್ಕೆ ಸುರುಳಿ ತಂತಿಗಳ ಒಂದು ಪಟ್ಟಿ. ಪಕ್ಕದ ಲಿವರ್ ಎತ್ತಿದರೆ ತಂತಿಗಳು ಚರ್ಮಕ್ಕೆ ತಾಗಿಕೊಳ್ಳುತ್ತವೆ, ಇಳಿಸಿದರೆ ದೂರ ಸರಿಯುತ್ತವೆ. ತಾಗಿದ್ದಾಗ ಅದನ್ನು ಯಾರೂ ಬಾರಿಸಬೇಕಾಗಿಲ್ಲ. ರೂಮಿನಲ್ಲಿ ಗಿಟಾರು ನುಡಿದರೆ ಸಾಕು, ಅದು ತಾನಾಗಿ ಜುರ್ರೆಂದು ನಡುಗುತ್ತದೆ. ಆದ್ದರಿಂದ ಎದ್ದು ಹೋಗುವಾಗ ಲಿವರ್ ಇಳಿಸಿ ಹೋಗುವುದು ಡ್ರಮ್ಮರನ ಮರ್ಯಾದೆ. ಹನ್ನೊಂದು ವರ್ಷ ಆ ಮರ್ಯಾದೆ ಉಳಿಸಿಕೊಂಡಿದ್ದ ನಾನು, ಆ ಭಾನುವಾರ ಎಲ್ಲರೂ ಮೆಟ್ಟಿಲಿಳಿದ ಮೇಲೆ ಒಬ್ಬನೇ ವಾಪಸ್ ಹೋಗಿ ಲಿವರ್ ಎತ್ತಿ ಬಂದೆ.

ಮರುದಿನ ಕೆಲಸದಲ್ಲಿ ನನಗೆ ಎಂಥ ಖುಷಿ ಅಂತೀರಿ! ಸತೀಶ ಕಣ್ಣು ಮುಚ್ಚಿ ಒಂದು ನೋಟು ಹಬ್ಬಿಸುತ್ತಾನೆ, ಮೂಲೆಯಿಂದ ನನ್ನ ಸ್ನೇರು ಜುರ್ರೆನ್ನುತ್ತದೆ, ಪ್ರಶಾಂತ ತಲೆ ಚಚ್ಚಿಕೊಳ್ಳುತ್ತಾನೆ. ಆ ದಿನ ಒಂದು ಸೊಟ್ಟ ಕಾಲರಿಗೂ ನಾನು ಬಯ್ಯಲಿಲ್ಲ.

ಆದರೆ ಯಾರೂ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಹೋಗಿ ನೋಡಿದರೆ ಲಿವರ್ ಎತ್ತಿದ್ದು ಎತ್ತಿದಂತೇ ಇತ್ತು. ಅಭ್ಯಾಸ ಮುಗಿದ ಮೇಲೆ ಮತ್ತೆ ಎತ್ತಿಯೇ ಬಂದೆ. ಹೀಗೆ ಎಂಟು ವಾರ. ಇವರಿಗೇನು ಕಿವಿ ಇಲ್ಲವೇ, ನನ್ನ ಸೇಡೂ ಇವರಿಗೆ ಕೇಳಿಸುವುದಿಲ್ಲವೇ ಎಂದು ಒಳಗೇ ಕುದಿದೆ.

ಆಲ್ಬಮ್ ಮುಗಿಯಿತು. ಒಂದು ಭಾನುವಾರ ಸಂಜೆ ರಾಜರಾಜೇಶ್ವರಿನಗರದಲ್ಲಿ ಪ್ರಶಾಂತನ ಫ್ಲಾಟಿನಲ್ಲಿ ಹತ್ತು ಹನ್ನೆರಡು ಜನರನ್ನು ಕರೆದು ಕೇಳಿಸಿದರು. ತಪ್ಪು ಹುಡುಕುವುದಕ್ಕೆಂದೇ ನಾನು ಹೋಗಿದ್ದೆ. ಎಲ್ಲರೂ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತರು. ನಾನು ಕಣ್ಣು ಬಿಟ್ಟುಕೊಂಡೇ ಕೂತೆ. ಸತೀಶನ ಗಿಟಾರು ಎದ್ದಿತು, ಹಬ್ಬಿತು. ಹೇಳಲು ಕಷ್ಟವಾಗುತ್ತದೆ, ಚೆನ್ನಾಗಿತ್ತು. ಅದರ ಅಡಿಯಲ್ಲಿ ಸಣ್ಣಗೆ, ನಿಂತೂ ನಿಲ್ಲದಂತೆ, ಇನ್ನೊಂದು ಸದ್ದು. ನಾನು ಬೆನ್ನು ನೆಟ್ಟಗೆ ಮಾಡಿ ಕಿವಿಗೊಟ್ಟೆ.

ಮುಗಿದ ಮೇಲೆ ಪಕ್ಕದ ಫ್ಲಾಟಿನ ಹೆಂಗಸೊಬ್ಬರು ಕೇಳಿದರು. "ಆ ಮಳೆ ಶಬ್ದ ಎಷ್ಟು ಚೆನ್ನಾಗಿದೆ! ಎಲ್ಲಿ ರೆಕಾರ್ಡ್ ಮಾಡಿದ್ರಿ?"

"ಮಳೆ ಅಲ್ಲ ಆಂಟಿ, ಸ್ನೇರ್ ಡ್ರಮ್. ಯಾರೂ ಬಾರಿಸ್ತಾ ಇಲ್ಲ. ಗಿಟಾರ್ ಕೇಳಿ ಅದೇ ನಡುಗ್ತಾ ಇದೆ" ಎಂದ ಪ್ರಶಾಂತ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು.

ಹನ್ನೊಂದು ವರ್ಷ ಅದೇ ಸ್ನೇರನ್ನು ನಾನು ಬೆವರು ಸುರಿಸಿ ಬಡಿದಿದ್ದೇನೆ. ಒಬ್ಬರಾದರೂ ಎದೆಯ ಮೇಲೆ ಕೈಯಿಟ್ಟುಕೊಂಡಿರಲಿಲ್ಲ. ಕಿವಿಯ ಮೇಲೆ ಇಟ್ಟುಕೊಂಡವರುಂಟು. ನಾನು ಮುಟ್ಟದೆ ಬಿಟ್ಟ ಕೂಡಲೇ ಅದು ಕಲಾವಿದನಾಗಿಬಿಟ್ಟಿತ್ತು. ಗೆಳೆಯನ ಮೇಲೆ, ಪ್ರಶಾಂತನ ಮೇಲೆ ಕರುಬಿದ್ದು ಸಾಲದೆಂದು ನಾನು ಆಗ ನನ್ನ ಸ್ವಂತ ಡ್ರಮ್ಮಿನ ಮೇಲೂ ಕರುಬಿದೆ.

ಕೆಳಗೆ, ಬೈಕ್ ನಿಲ್ಲಿಸಿದ್ದ ಜಾಗದಲ್ಲಿ ಸತೀಶ ಒಬ್ಬನೇ ಸಿಕ್ಕ. ಮನಸ್ಸು ತಡೆಯಲಿಲ್ಲ. "ಲಿವರ್ ನಾನು ಮರ್ತಿದ್ದಲ್ಲ ಕಣೋ. ಬೇಕಂತ್ಲೇ ಎತ್ತಿಟ್ಟಿದ್ದೆ, ನಿಮ್ ರೆಕಾರ್ಡಿಂಗ್ ಹಾಳಾಗ್ಲಿ ಅಂತ."

"ಗೊತ್ತು" ಎಂದ ಸತೀಶ.

"ಹೆಂಗೆ?"

"ಹನ್ನೊಂದು ವರ್ಷದಲ್ಲಿ ಒಂದ್ ಸಲಾನೂ ಮರೀದವನು ಎಂಟು ವಾರ ಸಾಲಾಗಿ ಮರೀತೀಯಾ?" ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತ ನಿಂತ. "ಮೊದಲನೇ ದಿನಾನೇ ಪ್ರಶಾಂತ್ ಅದನ್ನ ಇಳಿಸೋಕೆ ಹೋದ್ರು. ನಾನೇ ತಡೆದೆ. ಇರ್ಲಿ ಬಿಡಿ ಸಾರ್, ಅವನು ಮೂಲೇಲಿ ಮುಖ ಊದಿಸ್ಕೊಂಡು ಕೂತಿದಾನೆ, ಕೂತಿರ್ಲಿ ಅಂದೆ. ನೀನಿಲ್ದೆ ನುಡಿಸಿ ನಂಗೆ ಅಭ್ಯಾಸ ಇಲ್ಲ ಕಣೋ."

ಆ ಗಳಿಗೆಯಲ್ಲಿ ಅವನನ್ನು ತಬ್ಬಿಕೊಳ್ಳಬೇಕಿತ್ತು, ಕಡೇ ಪಕ್ಷ ತಪ್ಪಾಯಿತು ಎನ್ನಬೇಕಿತ್ತು. ಬಾಯಿಯನ್ನೂ ತೆರೆದೆ. ಆದರೆ ಅಲ್ಲಿಂದ ಹೊರಗೆ ಬಂದದ್ದೇ ಬೇರೆ.

"ಅದು ಸರಿ, ಅಷ್ಟ್ ಕಮ್ಮಿ ಯಾಕಿಟ್ರಿ ನನ್ ವಾಲ್ಯೂಮು?"