ಭಾವ ಸೊಟ್ಟ ಮಾಡಿದ ಯಂತ್ರ

ನನ್ನ ಭಾವ ಹಾಳಾದ ವಿಡಿಯೋ ಟೇಪುಗಳನ್ನು ರಿಪೇರಿ ಮಾಡುವವರು. ಬೂಷ್ಟು ಹಿಡಿದದ್ದು, ನೀರಿಗೆ ಬಿದ್ದದ್ದು, ಸುಕ್ಕುಗಟ್ಟಿದ್ದು, ಯಾವುದು ಬಂದರೂ ಒರೆಸಿ, ಒಣಗಿಸಿ, ಒಳಗಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರೆ. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅಲ್ಲಿ ಟೇಪು ಓಡಿಸುವ ಯಂತ್ರವೊಂದಿದೆ. ಅದರ ಮುಚ್ಚಳ ಮುಟ್ಟಿದವರನ್ನು ಭಾವ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ಕೂದಲೆಳೆಯಷ್ಟೂ ವಾಲದ ಯಂತ್ರ ಊರಿಗೆಲ್ಲ ಇದೊಂದೇ ಎಂಬುದು ಅವರ ಹೆಮ್ಮೆ.

ಮಾತಿನಲ್ಲಿ ಮಾತ್ರ ಮಹಾ ಜಿಪುಣ. "ಹೂಂ" ಎಂದರೆ ಆ ದಿನ ಭಾಷಣ ಮಾಡಿದರೆಂದು ಲೆಕ್ಕ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನ್ನ ಅಕ್ಕ ಮಾತನ್ನೂ ಬಲ್ಲಳು, ಜಗಳವನ್ನೂ ಬಲ್ಲಳು, ಗಂಡನ ಪಾಲಿನದನ್ನೂ ತಾನೇ ಆಡುತ್ತಿದ್ದಳು. "ಮಾತು ಬೆಳ್ಳಿ, ಮೌನ ಬಂಗಾರ ಕಣೇ" ಎಂದು ಭಾವ ಆಗಾಗ ಚುಚ್ಚುವುದಿತ್ತು.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಮನೆ ತುಂಬ ಬಂಗಾರವೇ ಆಯಿತು, ಯಾರಿಗೂ ಬೇಕಾಗಿರಲಿಲ್ಲ.

ಒಂದು ದಿನ ಅಕ್ಕ ಫೋನಿನಲ್ಲಿ ಬರೆದು ಭಾವನ ಮುಂದೆ ಹಿಡಿದಳು: "ನನ್ನ ದನಿ ಹೇಗಿತ್ತು ಅಂತ ನಂಗೇ ಮರ್ತುಹೋಗ್ತಿದೆ ರೀ. ಒಂದ್ಸಲ ಕೇಳ್ಬೇಕು."

ಫೋನಿನಲ್ಲಿದ್ದ ಚೂರುಪಾರು ವಿಡಿಯೋಗಳಲ್ಲಿ ಇದ್ದದ್ದು ಕಾಯಿಲೆ ಹಿಡಿದ ಮೇಲಿನ ಗೊಗ್ಗರು ದನಿ. ಮಗಳು ಚಿಕ್ಕವಳಿದ್ದಾಗಿನ ಒಂದು ಡಿಜಿಟಲ್ ಟೇಪು ಮಾತ್ರ ಮನೆಯಲ್ಲಿ ಉಳಿದಿತ್ತು. ಕ್ಯಾಮೆರಾ ಹಿಡಿದವಳು ಅಕ್ಕನೇ. ಹಾಗಾಗಿ ಚಿತ್ರದಲ್ಲಿ ಅವಳಿಲ್ಲ, ಇದ್ದರೆ ಸದ್ದಿನಲ್ಲೇ ಇರಬೇಕು. ಯಂತ್ರಕ್ಕೆ ಹಾಕಿದರೆ ಚಿತ್ರ ಚೆನ್ನಾಗಿಯೇ ಬಂತು, ಸದ್ದಿನ ಸುದ್ದಿಯೇ ಇಲ್ಲ.

ಕಾರಣ ಭಾವನಿಗೆ ಹೊಳೆಯಿತು. ಈ ಟೇಪು ತುಂಬಿಸುವ ಮೊದಲೇ ಆ ಕ್ಯಾಮೆರಾವನ್ನು ಮಗಳು ಒಮ್ಮೆ ಮೆಟ್ಟಿಲ ಮೇಲಿಂದ ಬೀಳಿಸಿದ್ದಳು. ಟೇಪಿಗೆ ದಾರಿ ತೋರಿಸುವ ಪುಟ್ಟ ಕಂಬವೊಂದು ಒಳಗೆ ವಾಲಿರಬೇಕು. ಇಂಥ ಟೇಪಿನ ಮೇಲೆ ಸಣ್ಣ ಗೆರೆಗಳಿರುತ್ತವೆ. ಪ್ರತಿ ಗೆರೆಯಲ್ಲೂ ಮೊದಲು ಸದ್ದು, ಆಮೇಲೆ ಚಿತ್ರ. ವಾಲಿದ ಕ್ಯಾಮೆರಾ ಗೆರೆಗಳನ್ನು ಸೊಟ್ಟಗೆ ಬರೆದಿತ್ತು. ತಾನು ಬರೆದದ್ದನ್ನು ತಾನು ಸಲೀಸಾಗಿ ಓದುತ್ತಲೂ ಇತ್ತು, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅದು ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಭಾವನ ನೆಟ್ಟಗಿನ ಯಂತ್ರಕ್ಕೆ ಗೆರೆಯ ಮೊದಲ ತುದಿ ಸಿಗುತ್ತಿರಲಿಲ್ಲ.

ಉಳಿದ ದಾರಿ ಒಂದೇ, ಯಂತ್ರವನ್ನೂ ಅಷ್ಟೇ ಸೊಟ್ಟ ಮಾಡುವುದು. ಅದರೊಳಗಿನ ಕಂಬದ ಸ್ಕ್ರೂ ಒಮ್ಮೆ ತಿರುಗಿಸಿದರೆ ಮೊದಲಿನಂತೆ ಆಗುತ್ತದೆಂಬ ಭರವಸೆಯಿಲ್ಲ.

"ಭಾವ, ಹೊಟ್ಟೆಪಾಡಿನ ಯಂತ್ರ ಅದು. ಯೋಚ್ನೆ ಮಾಡಿ" ಎಂದೆ.

"ಹೂಂ" ಎಂದು ಮುಚ್ಚಳ ತೆಗೆದರು.

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತಳು. ಒಂಚೂರು ತಿರುಗಿಸುವುದು, ಟೇಪು ಓಡಿಸುವುದು, ಮತ್ತೆ ತಿರುಗಿಸುವುದು. ಚಿತ್ರ ಒಡೆದು ಚೌಕ ಚೌಕವಾಯಿತು. ಟೇಪು, ಯಂತ್ರ ಎರಡೂ ಹೋದವಲ್ಲ ಎಂದುಕೊಂಡೆ. ಆಮೇಲೆ ಚಟಚಟ ಸದ್ದು, ಪಾತ್ರೆ ಉರುಳಿದ ಸದ್ದು, ಮಗುವಿನ ಅಳು, ಅದರ ಹಿಂದೆಯೇ ಅಕ್ಕ.

"ಅತ್ತಿದ್ದು ಸಾಕು, ಮೂಗು ಒರೆಸ್ಕೋ ಮೊದ್ಲು! ನಿಮ್ಮಪ್ಪನ ಹಾಗೆ ಮುಖ ಊದಿಸ್ಕೋಬೇಡ."

ಅದೇ ದನಿ. ನನಗೆ ಅಳು ಬಂತು. ಅಕ್ಕ ಅಲ್ಲಾಡದೆ ಕೇಳುತ್ತಿದ್ದಳು. ಪರದೆಯಲ್ಲಿ ಕ್ಯಾಮೆರಾ ಮಗಳನ್ನು ಬಿಟ್ಟು ಭಾವನ ಕಡೆ ತಿರುಗಿತು. ತಲೆ ತುಂಬ ಕೂದಲಿದ್ದ ಭಾವ ಯಾರದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು.

"ರೀ, ಸ್ವಲ್ಪ ಈ ಕಡೆ ನೋಡ್ರೀ."

ಪರದೆಯ ಭಾವ ತಲೆ ಎತ್ತಲಿಲ್ಲ.

"ರೀ! ನನ್ನ ಮಾತು ನಿಮ್ಮ ಕಿವಿಗೆ ಬೀಳೋದೇ ಇಲ್ವಾ?"

"ಬಿತ್ತು ಕಣೇ" ಎಂದರು ಭಾವ, ಸ್ಕ್ರೂಡ್ರೈವರ್ ಕೆಳಗಿಟ್ಟು. ಪರದೆಗಲ್ಲ, ಪಕ್ಕಕ್ಕೆ ತಿರುಗಿ ಅಕ್ಕನಿಗೆ ಹೇಳಿದರು. ಅಕ್ಕ ಅವರ ಬೆನ್ನಿಗೊಂದು ಗುದ್ದಿ, ಭುಜ ಕುಲುಕಿಸುತ್ತ ಸದ್ದಿಲ್ಲದೆ ನಕ್ಕಳು.

ಯಂತ್ರವನ್ನು ಅವರು ಮತ್ತೆ ನೆಟ್ಟಗೆ ಮಾಡಲಿಲ್ಲ. ಗಿರಾಕಿಗಳಿಗೆಂದು ಬೇರೊಂದು ಹಳೆಯದನ್ನು ತಂದಿದ್ದಾರೆ, ಅದು ಅಷ್ಟಕ್ಕಷ್ಟೇ. ಒಳ್ಳೆಯದನ್ನು ಯಾಕೆ ಸುಮ್ಮನೆ ಇಟ್ಟಿದ್ದೀರಿ ಎಂದು ಯಾರಾದರೂ ಕೇಳಿದರೆ, ಭಾವ ಅದರ ಮುಚ್ಚಳದ ಧೂಳು ಒರೆಸುತ್ತ, "ಅದು ನಮ್ಮನೆಯವಳದು" ಎನ್ನುತ್ತಾರೆ.